ಕೋಬಾಲ್ ಭಾಷೆಯನ್ನು ಬಿಡಬೇಕೆ?

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರೆಂಬ ಗಾದೆಯು ನಮ್ಮಲ್ಲಿ ಪ್ರಸಿದ್ಧವಾಗಿದೆ. ಕೂಸು ಹುಟ್ಟುವ ಮೊದಲೇ ಗೋರಿಕಲ್ಲನ್ನು ಕೆತ್ತಿಸಿದ ಪ್ರಸಂಗವೊಂದು ಗಣಕಯಂತ್ರಗಳ ಇತಿಹಾಸದಲ್ಲಿ ಉಂಟು. 1960ರ ಸುಮಾರಿನಲ್ಲಿ ಅಮೆರಿಕಾ ದೇಶದಲ್ಲಿ ‘ಕೋಬಾಲ್’ ಎಂಬ ಹೊಸ ಗಣಕ ಭಾಷೆಯನ್ನು ರಚಿಸುವ ಕಾರ್ಯವು ಸಮಿತಿಗಳ ಕೈಯಲ್ಲಿತ್ತು. ಆ ಕಾರ್ಯದ ಮಂದಗತಿಯನ್ನು ಕಂಡು ಬೇಸತ್ತ ಹೋವರ್ಡ್ ಬ್ರಾಂಬರ್ಗ್ ಎಂಬವರು ‘ಕೋಬಾಲ್’ ಎಂದು ಹೆಸರು ಕೆತ್ತಿಸಿದ ಗೋರಿಕಲ್ಲೊಂದನ್ನು ಮಾಡಿಸಿ, ಕಾರ್ಯಾಧ್ಯಕ್ಷರಾಗಿದ್ದ ಚಾರ್ಲ್ಸ್ ಫಿಲಿಪ್ಸರಿಗೆ ಕಳುಹಿಸಿಕೊಟ್ಟರು. ಆ ಕಲ್ಲು ಈಗ ಕ್ಯಾಲಿಫೋರ್ನಿಯಾದ ಗಣಕಯಂತ್ರ ವಸ್ತುಸಂಗ್ರಹಾಲಯದಲ್ಲಿದೆ. ಭಾಷೆಯಾದರೋ ಇಂದಿಗೂ ಕೆಲಸ ಮಾಡುತ್ತಿದೆ.

ಅಂದಿನಿಂದ ಅರವತ್ತೈದು ವರ್ಷಗಳು ಕಳೆದರೂ ಅದರ ಅಂತ್ಯಕ್ರಿಯೆಯ ಮಾತು ನಿಂತಿಲ್ಲ. ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಪ್ರೋಗ್ರಾಮರರು ನಾಲ್ಕು ಜನ ಸೇರಿದಲ್ಲಿ ಈ ಚರ್ಚೆಯು ಏಳದಿರುವುದು ಅಪರೂಪ. ಕೋಬಾಲನ್ನು ಬಿಟ್ಟು ಜಾವಾ ಮೊದಲಾದ ಹೊಸ ಭಾಷೆಗಳಿಗೆ ಹೋಗಬೇಕೆಂದು ಒಂದು ಪಕ್ಷ. ನಡೆಯುತ್ತಿರುವುದನ್ನು ಕೆಡಿಸಬಾರದೆಂದು ಇನ್ನೊಂದು ಪಕ್ಷ. ವಾಚಕರು ‘ಇದು ಯಂತ್ರದವರ ಜಗಳ, ನಮಗೇನು?’ ಎಂದು ಪುಟವನ್ನು ಮಗುಚಬಾರದೆಂದು ಪ್ರಾರ್ಥಿಸುತ್ತೇವೆ. ಈ ಭಾಷೆಯಲ್ಲಿ ಬರೆದಿಟ್ಟಿರುವುದು ಆಟದ ಲೆಕ್ಕವಲ್ಲ. ಬ್ಯಾಂಕುಗಳ ಠೇವಣಿ, ವಿಮೆಯ ಕಂತು, ವೃದ್ಧರ ನಿವೃತ್ತಿವೇತನ, ಕೆಲಸ ಕಳೆದುಕೊಂಡವರ ಭತ್ಯೆ, ಇವೇ ಅದರ ವಿಷಯಗಳು. 2017ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯು ಪ್ರಕಟಿಸಿದ ಅಂದಾಜಿನಂತೆ ಲೋಕದಲ್ಲಿ ಬಳಕೆಯಲ್ಲಿದ್ದ ಕೋಬಾಲ್ ಬರವಣಿಗೆಯು 22 ಸಾವಿರ ಕೋಟಿ ಸಾಲುಗಳು. ಇಷ್ಟು ದೊಡ್ಡ ಖಾತೆಪುಸ್ತಕವನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಪ್ರಶ್ನೆಯಲ್ಲಿ ಜನಸಾಮಾನ್ಯರ ಹಿತವು ಅಡಗಿದೆ.

ಭಾಷೆಯು ಹುಟ್ಟಿದ ಬಗೆ

ಆ ಕಾಲದಲ್ಲಿ ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಬಗೆಯ ಆಜ್ಞಾಕ್ರಮವಿತ್ತು. ಯಂತ್ರವನ್ನು ಬದಲಾಯಿಸಿದರೆ ಬರೆದುದೆಲ್ಲವನ್ನೂ ಮೊದಲಿನಿಂದ ಬರೆಯಬೇಕಾಗಿತ್ತು. ಈ ಸಂಕಟವನ್ನು ನೀಗುವ ಸಲುವಾಗಿ 1959ನೆಯ ಇಸವಿ ಮೇ ತಿಂಗಳಲ್ಲಿ ಅಮೆರಿಕಾದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಪೆಂಟಗನ್ ಭವನದಲ್ಲಿ ಸುಮಾರು ನಲವತ್ತು ಮಂದಿ ತಜ್ಞರು ಸಭೆ ಸೇರಿದರು. ನೌಕಾದಳದ ಅಧಿಕಾರಿಣಿಯೂ ಗಣಿತಜ್ಞೆಯೂ ಆಗಿದ್ದ ಗ್ರೇಸ್ ಹಾಪರ್ ಅವರು ಮೊದಲೇ ರಚಿಸಿದ್ದ ‘ಫ್ಲೋಮ್ಯಾಟಿಕ್’ ಎಂಬ ಭಾಷೆಯು ಇದಕ್ಕೆ ಮುಖ್ಯವಾದ ಮೇಲ್ಪಂಕ್ತಿಯಾಯಿತು. ವ್ಯಾಪಾರದ ಲೆಕ್ಕವನ್ನು ಬೀಜಗಣಿತದ ಸಂಕೇತಗಳಲ್ಲಿ ಬರೆಯದೆ, ಓದಬಲ್ಲ ಯಾವ ಗುಮಾಸ್ತನಾದರೂ ಅರಿಯುವಂತೆ ಇಂಗ್ಲಿಷಿನ ವಾಕ್ಯಗಳಲ್ಲಿ ಬರೆಯಬೇಕೆಂಬುದು ಹಾಪರ್ ಅವರ ಮತವಾಗಿತ್ತು. ಅದರಂತೆಯೇ ಗುಣಿಸುವುದಕ್ಕೆ ‘ಮಲ್ಟಿಪ್ಲೈ’, ಕೂಡುವುದಕ್ಕೆ ‘ಆ್ಯಡ್’, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದಕ್ಕೆ ‘ಮೂವ್’ ಎಂಬ ಮಾತುಗಳೇ ಈ ಭಾಷೆಯ ಕ್ರಿಯಾಪದಗಳಾದುವು.

1960ರ ಡಿಸೆಂಬರಿನಲ್ಲಿ ಕೋಬಾಲಿನಲ್ಲಿ ಬರೆದ ಒಂದೇ ಪ್ರೋಗ್ರಾಮು ಎರಡು ಬೇರೆ ಕಂಪನಿಗಳ ಯಂತ್ರಗಳ ಮೇಲೆ ನಡೆಯಿತು. ಅಂದಿನ ಮಟ್ಟಿಗೆ ಇದು ಸಾಮಾನ್ಯವಾದ ಸಾಧನೆಯಲ್ಲ. ಇಲ್ಲಿ ವಾಚಕರು ಲಕ್ಷಿಸತಕ್ಕ ಅಂಶವೊಂದಿದೆ. ಹಳೆಯ ಯಂತ್ರವನ್ನು ಬಿಟ್ಟರೂ ಮಾಡಿದ ಕೆಲಸವನ್ನು ಬಿಡಬೇಕಾಗಿ ಬರಬಾರದು ಎಂಬುದೇ ಈ ಭಾಷೆಯ ಜನ್ಮೋದ್ದೇಶವಾಗಿತ್ತು. ಅದನ್ನೇ ಹೇಗೆ ಬಿಡುವುದೆಂದು ಇಂದು ಚರ್ಚೆ ನಡೆಯುತ್ತಿರುವುದು ಕಾಲದ ವಿಚಿತ್ರವೆನ್ನಬೇಕು.

ಬಿಡಬೇಕೆಂಬುವರ ವಾದ

ಬಿಡಬೇಕೆಂಬುವರ ಪಕ್ಷವು ದುರ್ಬಲವಾದುದೇನೂ ಅಲ್ಲ. ಹಾಲೆಂಡಿನ ಪ್ರಸಿದ್ಧ ಗಣಕ ವಿದ್ವಾಂಸರಾದ ಡೈಕ್‌ಸ್ಟ್ರಾ ಅವರು 1975ರಷ್ಟು ಹಿಂದೆಯೇ, ಈ ಭಾಷೆಯು ಬುದ್ಧಿಯನ್ನು ಊನಗೊಳಿಸುವುದೆಂದೂ ಇದನ್ನು ಕಲಿಸುವುದನ್ನು ಅಪರಾಧವೆಂದೆಣಿಸಬೇಕೆಂದೂ ಕಟುವಾಗಿ ಬರೆದಿದ್ದರು. ಅಷ್ಟು ಉಗ್ರರಲ್ಲದವರು ಹೇಳುವುದು ಬೇರೆ. ಒಂದು ಸಣ್ಣ ಕೆಲಸಕ್ಕೂ ಪುಟಗಟ್ಟಲೆ ಬರೆಯಬೇಕು. ಮೊಬೈಲಿನ ಮೂಲಕ ವ್ಯವಹರಿಸುವ ಇಂದಿನ ಪದ್ಧತಿಗೆ ಇದನ್ನು ಜೋಡಿಸುವುದು ತ್ರಾಸದಾಯಕ. ಇದು ನಡೆಯುವ ದೊಡ್ಡ ಯಂತ್ರಗಳ ಬಾಡಿಗೆಯು ವಿಪರೀತ. ಕಾಲೇಜುಗಳಲ್ಲಿ ಕಲಿಸುವವರು ವಿರಳ. ಎಲ್ಲಕ್ಕಿಂತ ಮಿಗಿಲಾಗಿ, ಬಲ್ಲವರು ಮುದುಕರಾಗುತ್ತಿದ್ದಾರೆ. ಬರೆದವನು ನಿವೃತ್ತನಾಗಿ, ಅವನ ಬರವಣಿಗೆಯನ್ನು ಓದಬಲ್ಲವನು ಯಾರೂ ಉಳಿಯದೆ, ಯಂತ್ರವು ಮಾತ್ರ ನಡೆಯುತ್ತಿರುವುದು ಎಷ್ಟು ಭಯಂಕರವೆಂಬುದನ್ನು ವಿವರಿಸಬೇಕಾದುದಿಲ್ಲ.

ಮುಂಬಯಿ ಕರ್ನಾಟಕದ ವಾಚಕರಿಗೆ ಇದು ಅಪರಿಚಿತವಾದ ಸ್ಥಿತಿಯಲ್ಲ. ಅಲ್ಲಿಯ ಹಳೆಯ ಕಡತಗಳಲ್ಲಿ ಅನೇಕವು ಮೋಡಿ ಲಿಪಿಯಲ್ಲಿವೆ. ಜಮೀನಿನ ತಕರಾರು ಕೋರ್ಟಿಗೆ ಹೋದಾಗ ಕಾಗದವು ಕೈಯಲ್ಲಿದ್ದರೂ ಓದುವವನನ್ನು ಹುಡುಕಿಕೊಂಡು ಊರೂರು ತಿರುಗಬೇಕಾಗುತ್ತದೆ. ಲಿಪಿಯನ್ನು ಬಿಡುವುದು ಸುಲಭವಾಯಿತು. ಆ ಲಿಪಿಯಲ್ಲಿ ಬರೆದಿಟ್ಟ ಹಕ್ಕುಗಳನ್ನು ಬಿಡುವುದು ಯಾರಿಂದಲೂ ಆಗಲಿಲ್ಲ.

ಬಿಡಬಾರದೆಂಬುವರ ವಾದ

ಇನ್ನೊಂದು ಪಕ್ಷದವರು ಮೊದಲು ಎತ್ತಿ ಹೇಳುವುದು ಲೆಕ್ಕದ ಶುದ್ಧಿಯನ್ನು. ಯಂತ್ರಗಳು ಸ್ವಭಾವತಃ ಸೊನ್ನೆ ಒಂದುಗಳ ದ್ವಿಮಾನ ಪದ್ಧತಿಯಲ್ಲಿ ಎಣಿಸತಕ್ಕವು. ಮೂರರಲ್ಲೊಂದನ್ನು ನಾವು ದಶಾಂಶದಲ್ಲಿ ಬರೆಯಹೋದರೆ 0.333 ಎಂದು ಎಷ್ಟು ದೂರ ಹೋದರೂ ಮುಗಿಯದಷ್ಟೆ; ಅದರಂತೆ ಹತ್ತರಲ್ಲೊಂದು ಎಂಬ ಸರಳವಾದ ಭಾಗವು ದ್ವಿಮಾನದಲ್ಲಿ ಮುಗಿಯುವುದಿಲ್ಲ. ಎಚ್ಚರವಿಲ್ಲದೆ ಬರೆದರೆ ಹತ್ತು ಪೈಸೆಯ ಲೆಕ್ಕದಲ್ಲಿಯೂ ಸೂಕ್ಷ್ಮವಾದ ಸೋರಿಕೆಯುಂಟಾಗುವುದು. ಕೋಬಾಲಾದರೋ ಹಣದ ಲೆಕ್ಕಕ್ಕಾಗಿಯೇ ಹುಟ್ಟಿದುದರಿಂದ, ಎಷ್ಟು ಅಂಕಿಗಳು, ದಶಾಂಶದ ಬಿಂದು ಎಲ್ಲಿ ಎಂಬುದನ್ನು ಮೊದಲೇ ಗೊತ್ತುಮಾಡಿ ದಶಮಾನದಲ್ಲಿಯೇ ಎಣಿಸುತ್ತದೆ. ಹೊಸ ಭಾಷೆಗಳಲ್ಲಿಯೂ ಇದಕ್ಕೆ ಸಾಧನಗಳುಂಟು; ಆದರೆ ಅಲ್ಲಿ ಅವನ್ನು ನೆನಪಿಟ್ಟು ಬಳಸಬೇಕು, ಇಲ್ಲಿ ಅದು ಸಹಜವಾದ ರೂಢಿ.

ಎರಡನೆಯ ವಾದವು ಇನ್ನೂ ಗಂಭೀರವಾದುದು. ನಾಲ್ವತ್ತು ವರ್ಷ ನಡೆದ ಪ್ರೋಗ್ರಾಮಿನಲ್ಲಿ ನಾಲ್ವತ್ತು ವರ್ಷಗಳ ಕಾನೂನುಗಳೂ, ತಿದ್ದುಪಡಿಗಳೂ, ವಿನಾಯಿತಿಗಳೂ ಪದರಪದರವಾಗಿ ಸೇರಿರುತ್ತವೆ. ಎಷ್ಟೋ ನಿಯಮಗಳು ಅಲ್ಲಿಯಲ್ಲದೆ ಬೇರೆ ಯಾವ ಕಾಗದದಲ್ಲಿಯೂ ಇರುವುದಿಲ್ಲ. ಈ ಮಾತಿನ ಸತ್ಯವು ನಮ್ಮ ಕಾರ್ಯಾಲಯದಲ್ಲಿಯೇ ನಮಗೆ ಅನುಭವಕ್ಕೆ ಬಂದಿತು. ಚಂದಾದಾರರ ಕೈಬರಹದ ವಹಿಯನ್ನು ಗಣಕಯಂತ್ರಕ್ಕೆ ಏರಿಸಿದಾಗ ಹೆಸರು, ವಿಳಾಸ, ಬಾಕಿ ಇವೆಲ್ಲ ತಪ್ಪಿಲ್ಲದೆ ಏರಿದುವು. ಕೆಲವು ಹೆಸರುಗಳ ಮುಂದೆ ಕೆಂಪು ಶಾಯಿಯ ಚುಕ್ಕೆಯಿದ್ದಿತು. ಅದೇನೆಂದು ಯಾರಿಗೂ ತೋಚದೆ ಬಿಟ್ಟರು. ಎರಡು ತಿಂಗಳ ಮೇಲೆ ವಯೋವೃದ್ಧರಾದ ಉಪಾಧ್ಯಾಯರೊಬ್ಬರು ಬಾಕಿ ಕೇಳಿದ ಕಾಗದವನ್ನು ಹಿಡಿದು ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಒಂದು ಮಾತೂ ಆಡದೆ ಹಣವನ್ನು ಮೇಜಿನ ಮೇಲಿಟ್ಟರು. ಚುಕ್ಕೆಯ ಅರ್ಥವನ್ನು ನಿವೃತ್ತರಾಗಿದ್ದ ಹಳೆಯ ಗುಮಾಸ್ತರಿಂದ ಆಮೇಲೆ ತಿಳಿದೆವು. ಪತ್ರಿಕೆಯ ಕಷ್ಟಕಾಲದಲ್ಲಿ ಕೈಹಿಡಿದವರಿಗೆ ಜೀವಮಾನ ಪರ್ಯಂತ ಪತ್ರಿಕೆಯನ್ನು ಉಚಿತವಾಗಿ ಕಳುಹಿಸತಕ್ಕದ್ದೆಂಬ ವಾಗ್ದಾನವೇ ಆ ಚುಕ್ಕೆಯಾಗಿತ್ತು. ಹಣವನ್ನು ಹಿಂದಿರುಗಿಸಿ ಕ್ಷಮೆ ಬೇಡಿದೆವು. ಒಂದು ಸಣ್ಣ ವಹಿಯಲ್ಲಿಯೇ ಹೀಗಾದರೆ ಕೋಟಿ ಜನರ ಖಾತೆಯಲ್ಲಿ ಇಂತಹ ಚುಕ್ಕೆಗಳು ಎಷ್ಟಿರಬೇಕು!

ನಮ್ಮ ನಾಡಿನ ಸಂಬಂಧ

ಈ ಭಾಷೆಗೂ ಬೆಂಗಳೂರಿಗೂ ಇರುವ ನಂಟನ್ನು ಮರೆಯಲಾಗದು. ಯಂತ್ರಗಳ ನೆನಪಿನ ಸ್ಥಳವು ದುಬಾರಿಯಾಗಿದ್ದ ಕಾಲದಲ್ಲಿ ಇಸವಿಯನ್ನು ಬರೆಯಲು ನಾಲ್ಕು ಅಂಕಿಗಳ ಬದಲು ಕೊನೆಯ ಎರಡು ಅಂಕಿಗಳನ್ನು ಮಾತ್ರ ಇಡುತ್ತಿದ್ದರು. 2000ನೆಯ ಇಸವಿ ಬಂದಾಗ ‘00’ ಎಂಬುದನ್ನು ಯಂತ್ರವು 1900 ಎಂದು ತಿಳಿಯುವ ಅಪಾಯವಿತ್ತು. ಬಾಬ್ ಬೀಮರ್ ಎಂಬವರು 1971ರಲ್ಲಿಯೇ ಈ ವಿಷಯದಲ್ಲಿ ಎಚ್ಚರಿಕೆ ಕೊಟ್ಟಿದ್ದರೂ ಕೇಳಿದವರು ಕಡಿಮೆ. ಕಡೆಗೆ ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಕೋಟಿಗಟ್ಟಲೆ ಸಾಲುಗಳನ್ನು ಓದಿ ತಿದ್ದುವ ಕೆಲಸವು ಒಮ್ಮೆಗೇ ಬಂದಿತು. ಪಶ್ಚಿಮ ದೇಶಗಳಲ್ಲಿ ಅಷ್ಟು ಜನರಿಲ್ಲ. ಆ ಕೆಲಸವು ಬೆಂಗಳೂರು ಮೊದಲಾದ ನಮ್ಮ ನಗರಗಳ ಕಂಪನಿಗಳಿಗೆ ದೊರೆತು, ಅವುಗಳ ಏಳಿಗೆಗೆ ಒಂದು ಮುಖ್ಯ ಮೆಟ್ಟಿಲಾಯಿತು. ನಮ್ಮ ಜಿಲ್ಲೆಗಳ ಎಷ್ಟೋ ತರುಣರು ತಾವು ಹುಟ್ಟುವುದಕ್ಕಿಂತ ಮೊದಲು ಪರದೇಶದವರು ಬರೆದಿಟ್ಟ ಪ್ರೋಗ್ರಾಮುಗಳನ್ನು ರಾತ್ರಿಯೆಲ್ಲ ಕುಳಿತು ಓದಿ ಸರಿಪಡಿಸಿದರು. 2000ನೆಯ ಇಸವಿಯ ಜನವರಿ ಒಂದನೆಯ ತಾರೀಖು ದೊಡ್ಡ ಅನರ್ಥವಿಲ್ಲದೆ ಕಳೆದಾಗ ‘ಇದೆಲ್ಲ ಸುಳ್ಳು ಗಾಬರಿ’ ಎಂದು ನಕ್ಕವರುಂಟು. ಒಡ್ಡು ಒಡೆಯಲಿಲ್ಲವೆಂದು ಒಡ್ಡನ್ನು ಕಟ್ಟಿದವರನ್ನು ನಗುವುದು ನ್ಯಾಯವಲ್ಲ.

ಅಂದಿನ ತರುಣರು ಇಂದು ಐವತ್ತರ ಆಚೆ ಈಚೆ ಇದ್ದಾರೆ. ಇಂದಿನ ತರುಣರಿಗಾದರೋ ಹಳೆಯ ಯಂತ್ರದ ಕೆಲಸಕ್ಕೆ ಹಾಕಿದರೆಂದರೆ ಶಿಕ್ಷೆಯಾದಂತೆ. ಹೊಸದನ್ನು ಕಲಿಯದೆ ಹಿಂದುಳಿಯುವೆವೆಂಬ ಅವರ ಚಿಂತೆಯು ಅಕಾರಣವಾದುದಲ್ಲ. ಕಂಪನಿಗಳು ಈ ಕೆಲಸಕ್ಕೆ ಮಾನವನ್ನೂ ಮುಂದಣ ದಾರಿಯನ್ನೂ ತೋರಿಸದೆ, ಬುದ್ಧಿವಂತರು ಬರುವುದಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.

2020ರ ಪಾಠ

ಕೊರೋನಾ ಪಿಡುಗಿನ ಕಾಲದಲ್ಲಿ, 2020ರ ಮಾರ್ಚಿಯ ಕೊನೆಯ ಒಂದೇ ವಾರದಲ್ಲಿ ಅಮೆರಿಕಾದಲ್ಲಿ ಅರವತ್ತಾರು ಲಕ್ಷಕ್ಕೂ ಮೇಲ್ಪಟ್ಟು ಜನರು ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದರು. ಭತ್ಯೆಯ ವ್ಯವಸ್ಥೆಗಳು ಕುಸಿದುವು. ಏಪ್ರಿಲಿನಲ್ಲಿ ನ್ಯೂಜೆರ್ಸಿ ಸಂಸ್ಥಾನದ ಗವರ್ನರ್ ಫಿಲ್ ಮರ್ಫಿಯವರು, ತಮ್ಮ ಯಂತ್ರಗಳು ನಾಲ್ವತ್ತು ವರ್ಷಗಳಿಗೂ ಹಳೆಯವು, ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ಬಹಿರಂಗವಾಗಿ ಕೇಳಿಕೊಂಡರು. ಲೋಕವೆಲ್ಲವೂ ಮುದಿ ಭಾಷೆಯ ಮೇಲೆ ದೋಷವನ್ನು ಹೊರಿಸಿತು. ಆದರೆ ಗಣಕಯಂತ್ರಗಳ ಇತಿಹಾಸಕಾರರಾದ ಮಾರ್ ಹಿಕ್ಸ್ ಅವರು ಅದೇ ವರ್ಷ ಬರೆದ ಲೇಖನದಲ್ಲಿ ಬೇರೊಂದು ಸಂಗತಿಯನ್ನು ತೋರಿಸಿಕೊಟ್ಟರು. ನ್ಯೂಜೆರ್ಸಿಯಲ್ಲಿ ಮುಗ್ಗರಿಸಿದ್ದು ಹಿಂದಿದ್ದ ಕೋಬಾಲ್ ಅಲ್ಲವೆಂದೂ, ಜನರು ಅರ್ಜಿ ತುಂಬುವ ಮುಂಬದಿಯ ಜಾಲತಾಣವೆಂದೂ, ಅದು ಜಾವಾ ಭಾಷೆಯಲ್ಲಿತ್ತೆಂದೂ ಅವರ ನಿರೂಪಣೆ. ವರ್ಷವರ್ಷವೂ ವೆಚ್ಚವನ್ನು ಕಡಿದು, ನೋಡಿಕೊಳ್ಳುವವರನ್ನು ಮನೆಗೆ ಕಳುಹಿಸಿದ ಸರ್ಕಾರಗಳಿಗೆ, ಉತ್ತರ ಕೊಡಲಾರದ ಭಾಷೆಯೊಂದು ಅಪರಾಧಿಯಾಗಿ ಸಿಕ್ಕಿತು. ಬಾಡಿಗೆ ಕೊಡಲಾರದೆ ಭತ್ಯೆಗಾಗಿ ಕಾದಿದ್ದವರಿಗೆ ಅಪರಾಧಿಯು ಯಾರಾದರೇನು? ಹಣವು ಬಂದಿರಲಿಲ್ಲ.

ಬಿಟ್ಟವರ ಅನುಭವ

ಬಿಟ್ಟು ಗೆದ್ದವರೂ ಉಂಟು. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕು 2008ರಲ್ಲಿ ತನ್ನ ಮೂಲ ವ್ಯವಸ್ಥೆಯನ್ನು ಹೊಸದಾಗಿ ಮಾಡತೊಡಗಿ ಸುಮಾರು ಐದು ವರ್ಷಗಳಲ್ಲಿ ಪೂರೈಸಿತು. ಅದಕ್ಕೆ ತಗುಲಿದ ವೆಚ್ಚವು ನೂರು ಕೋಟಿ ಆಸ್ಟ್ರೇಲಿಯಾ ಡಾಲರುಗಳನ್ನು ಮೀರಿತು. ತಾಳ್ಮೆಯೂ ಹಣವೂ ಇದ್ದರೆ ಕಾರ್ಯವು ಅಸಾಧ್ಯವಲ್ಲವೆಂಬುದಕ್ಕೆ ಇದು ನಿದರ್ಶನ. ಅವಸರದ ಫಲಕ್ಕೆ ಇಂಗ್ಲೆಂಡಿನ ಟಿಎಸ್‌ಬಿ ಬ್ಯಾಂಕು ನಿದರ್ಶನ. ಅದರ ಕಥೆಯು ಒಂದು ಭಾಷೆಯನ್ನು ಬಿಟ್ಟ ಕಥೆಯಲ್ಲ, ಒಂದು ವ್ಯವಸ್ಥೆಯಿಂದ ಮತ್ತೊಂದಕ್ಕೆ ಖಾತೆಗಳನ್ನು ಸಾಗಿಸಿದ ಕಥೆ. ಆದರೂ ಪಾಠವು ಒಂದೇ. 2018ರ ಏಪ್ರಿಲಿನಲ್ಲಿ ಐವತ್ತೆರಡು ಲಕ್ಷ ಗ್ರಾಹಕರಿದ್ದ ಆ ಬ್ಯಾಂಕು ಒಂದು ವಾರಾಂತ್ಯದಲ್ಲಿ ಎಲ್ಲವನ್ನೂ ಒಟ್ಟಿಗೆ ಹೊಸ ವ್ಯವಸ್ಥೆಗೆ ಸಾಗಿಸಿತು. ಹತ್ತೊಂಬತ್ತು ಲಕ್ಷದವರೆಗೆ ಗ್ರಾಹಕರು ತಮ್ಮ ಖಾತೆಯನ್ನೇ ಕಾಣಲಾರದೆ ಹೋದರು. ವ್ಯವಹಾರವು ಪೂರ್ತಿಯಾಗಿ ಸರಿಹೋಗುವುದಕ್ಕೆ ಆ ವರ್ಷದ ಡಿಸೆಂಬರು ಬರಬೇಕಾಯಿತು. ಮುಖ್ಯಾಧಿಕಾರಿಯು ಹುದ್ದೆಯನ್ನು ಬಿಟ್ಟರು. 2022ರಲ್ಲಿ 4 ಕೋಟಿ 86 ಲಕ್ಷ ಪೌಂಡುಗಳ ದಂಡವೂ ಬಿದ್ದಿತು. ತನ್ನ ಹಣವು ತನ್ನದಾಗಿದ್ದೂ ಅಂಗಡಿಯ ಮುಂದೆ ಬರಿಗೈಯಲ್ಲಿ ನಿಂತ ಗೃಹಸ್ಥನ ಅವಮಾನಕ್ಕೆ ಯಾವ ದಂಡವು ಸಮನಾದೀತು?

ಈಗ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ. ಕೋಬಾಲನ್ನು ಜಾವಾಕ್ಕೆ ತಿರುಗಿಸಿಕೊಡುವ ಇಂತಹ ಒಂದು ಸಾಧನವನ್ನು ಐಬಿಎಂ ಕಂಪನಿಯು 2023ರಲ್ಲಿ ಸಾರಿತು. ಇವು ಹಳೆಯ ಬರವಣಿಗೆಯನ್ನು ಓದಿ ಅರ್ಥ ಹೇಳುವುದರಲ್ಲಿ ನಿಜವಾಗಿಯೂ ಸಹಾಯ ಮಾಡಬಲ್ಲವು. ಆದರೆ ಪದಕ್ಕೆ ಪದವಿಟ್ಟು ತಿರುಗಿಸಿದುದು ಜಾವಾದ ಅಂಗಿಯನ್ನು ತೊಟ್ಟ ಕೋಬಾಲೇ ಆಗಿ ಉಳಿಯುತ್ತದೆ. ಪ್ರೋಗ್ರಾಮರರು ಅದನ್ನು ಪರಿಹಾಸ್ಯಕ್ಕೆ ‘ಜೋಬಾಲ್’ ಎಂದು ಕರೆಯುತ್ತಾರೆ. ಹಳಬನಿಗೂ ಅದು ತಿಳಿಯದು, ಹೊಸಬನಿಗೂ ತಿಳಿಯದು. 2025ರ ಮಾರ್ಚಿಯಲ್ಲಿ, ಅಮೆರಿಕಾದ ಸಾಮಾಜಿಕ ಭದ್ರತಾ ಇಲಾಖೆಯ ಕೋಬಾಲನ್ನು ಕೆಲವೇ ತಿಂಗಳುಗಳಲ್ಲಿ ಬಿಡಿಸುವ ಆಲೋಚನೆಯು ನಡೆದಿದೆಯೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಆರು ಕೋಟಿಗೂ ಮಿಕ್ಕ ವೃದ್ಧರು, ಅಂಗವಿಕಲರು, ಅನಾಥರು ತಿಂಗಳು ತಿಂಗಳಿಗೆ ಆ ಇಲಾಖೆಯ ಹಣವನ್ನು ನಂಬಿರುವರು. ಅಂತಹ ಖಾತೆಯ ವಿಷಯದಲ್ಲಿ ‘ಕೆಲವೇ ತಿಂಗಳು’ ಎಂಬ ಮಾತನ್ನು ಕೇಳಿ ಬಲ್ಲವರು ಬೆಚ್ಚಿದುದು ಸಹಜ.

ಮಾಡತಕ್ಕದ್ದೇನು?

ಹಾಗಾದರೆ ಹಳೆಯ ಭಾಷೆಯನ್ನು ಎಂದಿಗೂ ಬಿಡಬಾರದೆ? ನಮ್ಮ ಅಭಿಪ್ರಾಯವು ಅದಲ್ಲ. ಭಾಷೆಯೇ ಅಪಾಯಕ್ಕೆ ಕಾರಣವಾಗಿದ್ದರೆ ಅದನ್ನು ಬಿಡತಕ್ಕದ್ದು. ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳಲ್ಲಿ ನೆನಪಿನ ಸ್ಥಳದ ಬಳಕೆಯನ್ನು ಪ್ರೋಗ್ರಾಮರನ ಎಚ್ಚರಕ್ಕೇ ಬಿಟ್ಟಿರುವುದರಿಂದ ಕಳ್ಳರು ನುಗ್ಗುವ ಕಂಡಿಗಳು ಉಂಟಾಗುತ್ತವೆ. ತಾನು ಮುಚ್ಚುವ ಭದ್ರತಾದೋಷಗಳಲ್ಲಿ ಶೇಕಡಾ ಎಪ್ಪತ್ತರಷ್ಟು ಈ ಜಾತಿಯವೆಂದು ಮೈಕ್ರೋಸಾಫ್ಟ್ ಕಂಪನಿಯು 2019ರಲ್ಲಿ ಹೇಳಿತು. ಗೂಗಲ್ ಕಂಪನಿಯವರು ಆಂಡ್ರಾಯ್ಡಿನಲ್ಲಿ ಏನು ಮಾಡಿದರು? ಹಳೆಯದನ್ನೆಲ್ಲ ಕಿತ್ತುಹಾಕಲಿಲ್ಲ. ಹೊಸದಾಗಿ ಬರೆಯುವುದನ್ನು ರಸ್ಟ್ ಮೊದಲಾದ ಸುರಕ್ಷಿತ ಭಾಷೆಗಳಲ್ಲಿ ಬರೆಯುತ್ತ ಬಂದರು. 2019ರಲ್ಲಿ ಶೇಕಡಾ 76ರಷ್ಟಿದ್ದ ಆ ಜಾತಿಯ ದೋಷಗಳ ಪಾಲು 2024ರಲ್ಲಿ ಶೇಕಡಾ 24ಕ್ಕೆ ಇಳಿಯಿತು. ಬಿಡುವುದೆಂದರೆ ಒಂದೇ ರಾತ್ರಿಯಲ್ಲಿ ಗಂಟುಮೂಟೆ ಕಟ್ಟುವುದಲ್ಲವೆಂದು ಇದರಿಂದ ತಿಳಿಯತಕ್ಕದ್ದು.

ಕೋಬಾಲಿನಲ್ಲಿ ಅಂತಹ ರೋಗವಿಲ್ಲ. ಅದರ ರೋಗವು ಅದನ್ನು ಇಟ್ಟುಕೊಂಡವರ ಉದಾಸೀನ. ಆದುದರಿಂದ ಬಿಡುವವರಿಗೂ ಉಳಿಸುವವರಿಗೂ ನಾವು ಸೂಚಿಸುವ ಕರ್ತವ್ಯಗಳು ಒಂದೇ. ಮೊದಲನೆಯದಾಗಿ, ಇದ್ದುದನ್ನು ಓದಿ, ಅದರಲ್ಲಿರುವ ನಿಯಮಗಳನ್ನು ಸಾಮಾನ್ಯ ಮಾತಿನಲ್ಲಿ ಬರೆದಿಡಬೇಕು. ಬಲ್ಲವರು ಬದುಕಿರುವಾಗಲೇ ಈ ಕೆಲಸವಾಗಬೇಕು. ಎರಡನೆಯದಾಗಿ, ಪ್ರತಿಯೊಬ್ಬ ಹಳಬನ ಪಕ್ಕದಲ್ಲಿ ಒಬ್ಬ ತರುಣನನ್ನು ಕೂರಿಸಿ, ಅವನಿಗೆ ಎರಡು ಭಾಷೆಗಳನ್ನೂ ಕಲಿಸಿ, ಅದಕ್ಕೆ ತಕ್ಕ ಸಂಬಳವನ್ನು ಕೊಡಬೇಕು. ಮೂರನೆಯದಾಗಿ, ಬಿಡುವುದೇ ನಿಶ್ಚಯವಾದರೆ ಒಂದೊಂದು ಭಾಗವನ್ನಾಗಿ ಸಾಗಿಸಿ, ಹಳೆಯದನ್ನೂ ಹೊಸದನ್ನೂ ಕೆಲಕಾಲ ಜೊತೆಜೊತೆಯಾಗಿ ನಡೆಯಿಸಿ, ಎರಡರ ಲೆಕ್ಕವೂ ಪೈಸೆಗೆ ಪೈಸೆ ಹೊಂದಿದ ತರುವಾಯವೇ ಹಳೆಯದನ್ನು ನಿಲ್ಲಿಸಬೇಕು. ಇವನ್ನು ಮಾಡಿದವನು ಬಿಟ್ಟರೂ ಕೆಡುವುದಿಲ್ಲ, ಉಳಿಸಿಕೊಂಡರೂ ಕೆಡುವುದಿಲ್ಲ. ಇವನ್ನು ಮಾಡದವನಿಗೆ ಎರಡು ದಾರಿಗಳೂ ಹೊಂಡಕ್ಕೇ ಹೋಗುತ್ತವೆ.

ನಮ್ಮ ತರುಣ ಪ್ರೋಗ್ರಾಮರರಿಗೆ ಒಂದು ಮಾತು. ಇನ್ನೊಬ್ಬರು ಬರೆದುದನ್ನು ಓದುವ ಕೆಲಸವು ಕೀಳಲ್ಲ. ಇಂದು ನೀವು ಉತ್ಸಾಹದಿಂದ ಹೊಸ ಭಾಷೆಯಲ್ಲಿ ಬರೆಯುತ್ತಿರುವುದೂ ಮೂವತ್ತು ವರ್ಷಗಳಲ್ಲಿ ಹಳತಾಗುವುದು. ಅಂದು ಅದನ್ನು ಓದಿ, ಅದರಲ್ಲಿರುವ ಕೆಂಪು ಚುಕ್ಕೆಯ ಅರ್ಥವೇನೆಂದು ತಾಳ್ಮೆಯಿಂದ ವಿಚಾರಿಸುವ ಒಬ್ಬ ತರುಣನು ನಿಮಗೂ ಬೇಕಾಗುತ್ತಾನೆ. ವಸ್ತುಸಂಗ್ರಹಾಲಯದ ಗೋರಿಕಲ್ಲು ಇನ್ನೂ ನೂರು ವರ್ಷ ಕಾಯಬಲ್ಲದು. ತಿಂಗಳ ಮೊದಲ ವಾರದಲ್ಲಿ ನಿವೃತ್ತಿವೇತನಕ್ಕಾಗಿ ಕಾದು ಕುಳಿತ ವೃದ್ಧೆಯು ಒಂದು ತಿಂಗಳೂ ಕಾಯಲಾರಳು. ಚರ್ಚೆ ಮಾಡುವ ಉಭಯ ಪಕ್ಷದವರೂ ಆಕೆಯನ್ನು ಕಣ್ಣಮುಂದೆ ಇಟ್ಟುಕೊಂಡು ನಿರ್ಧರಿಸಬೇಕೆಂಬುದು ನಮ್ಮ ಪ್ರಾರ್ಥನೆ.